ಪತ್ರ ಓದಿದಿರಿ, ಗೋಡೆ ಓದಿದಿರಾ?

ಅಕ್ಕ, ಭಾವ ಬೆಂಗಳೂರಿನಲ್ಲಿ 18 ವರ್ಷ ಹಳೆಯ ಮನೆಯೊಂದನ್ನು ಕೊಳ್ಳಲು ಹೊರಟಿದ್ದರು. ಥರ್ಟಿ ಫಾರ್ಟಿ ಸೈಟು, ಕೆಳಗೊಂದು ಮನೆ, ಮೇಲೊಂದು ಮನೆ. ಪತ್ರಗಳು ಮೂರು ವಾರ ವಕೀಲರ ಹತ್ತಿರ ಇದ್ದವು. ಮದರ್ ಡೀಡ್, ಖಾತಾ, ಇಸಿ, ಕಂದಾಯದ ರಸೀದಿ ಎಲ್ಲ ಸರಿ ಇದ್ದವು. ವಾಸ್ತು ನೋಡುವವರೂ ಬಂದು ಹೋಗಿದ್ದರು. ಮನೆಯನ್ನು ನೋಡಿದ್ದು ಮಾತ್ರ ಎರಡೇ ಸಲ, ಎರಡೂ ಸೇರಿ ಮುಕ್ಕಾಲು ಗಂಟೆ. ಅದೂ ಹೊಸದಾಗಿ ಪೇಂಟ್ ಹೊಡೆದ ಮೇಲೆ.

ಅಡ್ವಾನ್ಸ್ ಕೊಡುವ ಮುಂಚೆ ಒಂದು ಸಲ ಎಂಜಿನಿಯರ್ ನೋಡಲಿ ಅಂತ ನಾನು ಹಟ ಹಿಡಿದೆ. ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರು ಬಂದರು. ಅವರ ಚೀಲದಲ್ಲಿ ಇದ್ದದ್ದು ಒಂದು ಟಾರ್ಚು, ಪುಟ್ಟ ಸುತ್ತಿಗೆ, ಒಂದು ಗಾಜಿನ ಗೋಲಿ, ಸ್ಪ್ರೇ ಬಾಟಲಿ. ಗೇಟಿನೊಳಗೆ ಕಾಲಿಡುವ ಮೊದಲು ಅವರು ರಸ್ತೆಯಲ್ಲೇ ನಿಂತು ಮೇಲೆ ನೋಡಿದರು. ಕಿಟಕಿಯ ಮೇಲಿನ ಸಜ್ಜೆಯ ಅಡಿಯಲ್ಲಿ ಕಂದು ಬಣ್ಣದ ಒಂದು ಗೆರೆ ಇತ್ತು. ಪೆನ್ಸಿಲ್‌ನಲ್ಲಿ ಎಳೆದ ಹಾಗೆ ನೇರ. ನಾವು ಎರಡು ಸಲವೂ ಅದರ ಕೆಳಗೇ ನಿಂತು ಮಾತಾಡಿದ್ದೆವು.

ಅಷ್ಟು ನೇರವಾಗಿ ಬಿರುಕು ಬಿಟ್ಟಿದೆ ಅಂದರೆ ಒಳಗೆ ಅದೇ ಜಾಗದಲ್ಲಿ ಕಂಬಿ ಇದೆ, ಅದು ತುಕ್ಕು ಹಿಡಿಯುತ್ತಿದೆ ಎಂದರು. ಕಬ್ಬಿಣ ತುಕ್ಕಾದರೆ ಸವೆದು ಸಣ್ಣದಾಗುತ್ತೆ ಅಂದುಕೊಳ್ಳುತ್ತೇವೆ. ಆದರೆ ಹುಟ್ಟುವ ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಸ್ತಿ ಜಾಗ ಬೇಕು. ಸುತ್ತ ಗಟ್ಟಿ ಕಾಂಕ್ರೀಟ್ ಇರುವಾಗ ಎಲ್ಲಿಗೆ ಹೋಗಬೇಕು? ಅದು ಕಾಂಕ್ರೀಟನ್ನೇ ತಳ್ಳಿ ಸೀಳುತ್ತದೆ. ಆ ಸೀಳಿನಿಂದ ಇನ್ನಷ್ಟು ನೀರು, ಗಾಳಿ ಒಳಗೆ ಹೋಗುತ್ತವೆ. ಕೊನೆಗೊಂದು ದಿನ ಸಜ್ಜೆಯ ಚೂರು ಕಳಚಿ ಬೀಳುತ್ತದೆ.

ಹಾಗಾದರೆ ಎಲ್ಲ ಮನೆಗಳ ಕಂಬಿಯೂ ಯಾಕೆ ತುಕ್ಕು ಹಿಡಿಯೋದಿಲ್ಲ? ಇದಕ್ಕೆ ಉತ್ತರ ನಮ್ಮ ಆರತಿ ತಟ್ಟೆಯಲ್ಲಿದೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ವಾ? ಸುಣ್ಣ ಕ್ಷಾರ, ಅದಕ್ಕೇ ಆ ಬಣ್ಣ. ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿಯಾಗುವಾಗಲೂ ಒಳಗೆ ಇದೇ ಸುಣ್ಣ ಹುಟ್ಟುತ್ತದೆ. ಹಾಗಾಗಿ ಹೊಸ ಕಾಂಕ್ರೀಟಿನ ಪಿಎಚ್, ಅಂದರೆ ಕ್ಷಾರ ಎಷ್ಟಿದೆ ಅಂತ ಹೇಳುವ ಅಳತೆ, 12ಕ್ಕಿಂತ ಜಾಸ್ತಿ ಇರುತ್ತದೆ. ಅಷ್ಟು ಕ್ಷಾರದೊಳಗೆ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರವೊಂದು ಕೂತು ಅದನ್ನು ಕಾಯುತ್ತದೆ.

ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಈ ಕಾವಲನ್ನು ನಿಧಾನಕ್ಕೆ ಮುರಿಯುತ್ತದೆ. ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ನುಸುಳಿ ಸುಣ್ಣವನ್ನು ಸುಣ್ಣದ ಕಲ್ಲಿನ ವಸ್ತುವಾಗಿ ಬದಲಿಸುತ್ತದೆ. ಪಿಎಚ್ 9ರ ಆಸುಪಾಸಿಗೆ ಇಳಿಯುತ್ತದೆ. ಈ ಬದಲಾವಣೆ ಕಂಬಿಯನ್ನು ಮುಟ್ಟಿದಾಗ ಕಾವಲು ಪದರ ಹೋಗುತ್ತದೆ. ಆಮೇಲೆ ತೇವ ಸಿಕ್ಕರೆ ಸಾಕು, ತುಕ್ಕು ಶುರು.

ಎಂಜಿನಿಯರ್ ಸಜ್ಜೆಯ ಅಂಚಿನಲ್ಲಿ ಆಗಲೇ ಸಡಿಲಾಗಿದ್ದ ಚೂರನ್ನು ತೆಗೆದು, ಹೊಸದಾಗಿ ಬಯಲಾದ ಜಾಗಕ್ಕೆ ಸ್ಪ್ರೇ ಮಾಡಿದರು. ಬಾಟಲಿಯಲ್ಲಿದ್ದದ್ದು ಫಿನಾಫ್ತಲೀನ್, ಶಾಲೆಯ ಲ್ಯಾಬಿನಲ್ಲಿ ನೋಡಿರುತ್ತೀರಿ. ಕ್ಷಾರ ಉಳಿದಿರುವ ಕಡೆ ಅದು ಗಾಢ ಗುಲಾಬಿಯಾಗುತ್ತದೆ. ಒಳಭಾಗ ಗುಲಾಬಿಯಾಯಿತು. ಹೊರಗಿನ ಬೆರಳಗಲದಷ್ಟು ಭಾಗ ಬೂದು ಬಣ್ಣದಲ್ಲೇ ಉಳಿಯಿತು. ಕಂಬಿ ಆ ಬೂದು ಭಾಗದಲ್ಲಿತ್ತು.

ತಪ್ಪು ಆಗಿದ್ದು 18 ವರ್ಷದ ಹಿಂದೆ, ಮೋಲ್ಡ್ ಹಾಕಿದ ದಿನ. ಕಂಬಿ ಮತ್ತು ಹೊರಮೈ ನಡುವೆ ಇಷ್ಟು ಕಾಂಕ್ರೀಟ್ ಇರಬೇಕು ಅಂತ ಲೆಕ್ಕ ಇದೆ. ಅದಕ್ಕೆ ಕವರ್ ಅನ್ನುತ್ತಾರೆ. ಐಎಸ್ 456 ಎಂಬ ಭಾರತೀಯ ಮಾನಕದ 2000ದ ಆವೃತ್ತಿ ಮನೆಯೊಳಗಿನ ಸ್ಲ್ಯಾಬಿಗೆ ಸಾಮಾನ್ಯವಾಗಿ 20 ಮಿಲಿಮೀಟರ್ ಹೇಳುತ್ತದೆ. ಮಳೆಗೆ ನೆನೆಯುವ ಕಡೆ ಇನ್ನೂ ಜಾಸ್ತಿ. ಕೆಲಸದವರು ಕಂಬಿಯನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಡದೆ, ಕೈಗೆ ಸಿಕ್ಕ ಜಲ್ಲಿ ಚೂರು ಇಟ್ಟರೆ ಅದು ಜಾರಿಹೋಗಿ, ಕಂಬಿ ಕೆಳಕ್ಕೆ ಇಳಿದು ಕೂರುತ್ತದೆ. ಅರ್ಧ ಇಂಚು ಆಚೆ ಈಚೆ ಆದರೆ ಏನು ಮಹಾ ಅನ್ನಿಸಬಹುದು. ಆದರೆ ಕಾರ್ಬನ್ ಡೈಆಕ್ಸೈಡ್ ಒಳಹೋಗುವ ವೇಗ ಆಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. 10 ಮಿಲಿಮೀಟರ್ ದಾಟಲು 10 ವರ್ಷ ಹಿಡಿದರೆ, 20 ದಾಟಲು 20 ವರ್ಷ ಅಲ್ಲ, ಸುಮಾರು 40 ವರ್ಷ ಬೇಕು. ಅಂದರೆ ಕವರ್ ಅರ್ಧವಾದರೆ ರಕ್ಷಣೆಯ ಆಯಸ್ಸು ಕಾಲುಭಾಗಕ್ಕೆ ಇಳಿಯುತ್ತದೆ. ಇದನ್ನು ಕೇಳಿದ ಮೇಲೆ ನಾನು ಯಾವ ಬಾಲ್ಕನಿಯ ಕೆಳಗೆ ಹೋದರೂ ತಲೆ ಎತ್ತಿ ನೋಡುತ್ತೇನೆ.

ಒಳಗೆ ಹೋದ ಮೇಲೆ ಅವರು ಅಕ್ಕನಿಗೆ ಕೈ ಹಿಂಭಾಗವನ್ನು ಹಾಲಿನ ಒಂದೊಂದು ಗೋಡೆಗೂ ಮುಟ್ಟಿಸಲು ಹೇಳಿದರು. ಮೂರು ಗೋಡೆ ಒಂದೇ ಥರ. ನಾಲ್ಕನೆಯದು ತಣ್ಣಗಿತ್ತು. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ. ಒಳಗಿನ ನೀರು ಆವಿಯಾಗುವಾಗ ಮೇಲ್ಮೈಯ ಶಾಖ ತೆಗೆದುಕೊಂಡು ಹೋಗುತ್ತದೆ. ದುಬಾರಿ ಥರ್ಮಲ್ ಕ್ಯಾಮೆರಾ ಹಿಡಿಯುವುದೂ ಈ ವ್ಯತ್ಯಾಸವನ್ನೇ. ಪೇಂಟ್ ಕಲೆಯನ್ನು ಮುಚ್ಚಬಹುದು, ತಂಪನ್ನು ಮುಚ್ಚಲಾರದು.

ತೇವ ಎಲ್ಲಿದೆ ಅನ್ನೋದು ಮುಖ್ಯ. ನೆಲದಿಂದ ಸೊಂಟದ ಎತ್ತರದವರೆಗೆ ಇದ್ದರೆ ನೀರು ಪಾಯದಿಂದ ಏರುತ್ತಿರಬಹುದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಇಟ್ಟಿಗೆಯ ರಂಧ್ರಗಳಲ್ಲಿ ಏರುತ್ತದೆ. ನೀರು ಆರಿಹೋದರೂ ಅದು ಹೊತ್ತು ತಂದ ಉಪ್ಪು ಅಲ್ಲೇ ಉಳಿದು ಹರಳುಗಟ್ಟುತ್ತದೆ. ಆ ಹರಳುಗಳೇ ಗಾರೆಯನ್ನು ಪುಡಿ ಮಾಡುವುದು. ತೇವ ಸೀಲಿಂಗಿನ ಹತ್ತಿರ ಇದ್ದರೆ ಮೇಲೆ ಬಾತ್‌ರೂಮ್ ಇದೆಯಾ ನೋಡಿ. ಹೊರಗೋಡೆಯ ನಡುವೆ ಇದ್ದರೆ ಮಳೆನೀರಿನ ಮೇಲೆ ಅನುಮಾನ ಪಡಿ. ಮೂರರಲ್ಲೂ ಪೇಂಟ್ ಉಬ್ಬೋದು ಒಂದೇ ಥರ. ಮೇಲಿನ ಪೈಪಿನ ಸೋರಿಕೆ ಪ್ಲಂಬರ್ ಕೈಯಲ್ಲಿ ಮುಗಿಯಬಹುದು, ಪಾಯದ ತೇವ ಸುಲಭಕ್ಕೆ ಹೋಗೋದಿಲ್ಲ.

ನಮ್ಮ ತಣ್ಣನೆಯ ಗೋಡೆ ಮೇಲಿನಿಂದ ಕೆಳಕ್ಕೆ ತೇವವಾಗಿತ್ತು. ಅವರು ಮೇಲಿನ ಬಾತ್‌ರೂಮಿಗೆ ಹೋಗಿ ಗೋಲಿ ಬಿಟ್ಟರು. ಅದು ನೀರು ಹೋಗುವ ಜಾಲರಿಯ ಕಡೆ ಉರುಳಬೇಕಿತ್ತು. ಉರುಳಿದ್ದು ಗೋಡೆಯ ಮೂಲೆಗೆ. ಸ್ನಾನ ಮಾಡಿದ ನೀರು ದಿನಾ ಅಲ್ಲೇ ನಿಂತು ಟೈಲ್ಸ್ ಸಂದಿಯಿಂದ ಇಳಿಯುತ್ತಿತ್ತು.

ಬಿರುಕುಗಳಿಗೆಲ್ಲ ಹೆದರಬೇಕಿಲ್ಲ. ತೊಲೆ ಮತ್ತು ಗೋಡೆ ಸೇರುವ ಕಡೆ ಅಡ್ಡಕ್ಕೆ ಬರುವ ಕೂದಲೆಳೆಯ ಬಿರುಕು ಬಹಳ ಸಲ ಬಿಸಿಲಿನ ಆಟ. 10 ಮೀಟರ್ ಉದ್ದದ ಕಾಂಕ್ರೀಟ್ 30 ಡಿಗ್ರಿ ಬಿಸಿಯಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, ಇಟ್ಟಿಗೆ ಅಷ್ಟು ಹಿಗ್ಗೋದಿಲ್ಲ. ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಓಡುವ, ಇಟ್ಟಿಗೆಯಲ್ಲಿ ಮೆಟ್ಟಿಲಿನ ಹಾಗೆ ಇಳಿಯುವ ಬಿರುಕು ಪಾಯ ಒಂದು ಕಡೆ ಕುಸಿದಿರುವ ಸೂಚನೆ ಇರಬಹುದು. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಅದರ ಅಂಚು ಸಲೀಸಾಗಿ ಒಳಗೆ ಹೋದರೆ ಎಂಜಿನಿಯರ್ ನೋಡದೆ ಮುಂದುವರಿಯಬೇಡಿ. ಗದಗ, ವಿಜಯಪುರದ ಎರೆ ಭೂಮಿಯಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಆ ಮಣ್ಣು ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿರುವ ಮನೆಯನ್ನೂ ವರ್ಷಾ ವರ್ಷಾ ಎತ್ತಿ ಇಳಿಸುತ್ತದೆ.

ಬೆಂಗಳೂರಿನಲ್ಲಾದರೆ ಕೆರೆಯ ವಿಚಾರ ಕೇಳಬೇಕು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಕೆರೆ ಹೋದರೂ ಇಳಿಜಾರು ಹೋಗೋದಿಲ್ಲ, ನೀರು ಹಳೇ ದಾರಿ ಹುಡುಕಿಕೊಂಡು ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ದೊಡ್ಡ ದೊಡ್ಡ ಮನೆಗಳಿಗೂ ನೀರು ನುಗ್ಗಿತ್ತು. ಆಷಾಢದಲ್ಲಿ ಮನೆ ಕೊಳ್ಳಬಾರದು ಅಂತ ನಮ್ಮಲ್ಲಿ ನಂಬಿಕೆ ಇದೆ. ಕೊಳ್ಳೋದು ಬೇಡ, ಆದರೆ ನೋಡೋದಕ್ಕೆ ಅದು ಒಳ್ಳೇ ತಿಂಗಳು. ಜೋರು ಮಳೆ ಬಂದ ಮಾರನೇ ದಿನ ಹೋಗಿ, ಪಕ್ಕದ ಮನೆಯವರನ್ನೂ ಮಾತಾಡಿಸಿ ಬನ್ನಿ.

ಕರೆಂಟಿನ ಮುಖ್ಯ ಸ್ವಿಚ್ಚುಗಳಿರುವ ಡಿಬಿ ಬಾಕ್ಸಿನಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು, ಇದೆಯಾ ನೋಡಿ. ಮನೆಗಳಿಗೆ ಹಾಕುವ ಸಾಧನ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುತ್ತದೆ, ಜೀವ ಉಳಿಸುತ್ತದೆ. ಅದರ ಟೆಸ್ಟ್ ಬಟನ್ ಒತ್ತಿದಾಗ ತಕ್ಷಣ ಬೀಳಬೇಕು. ಹೊಸ ಫ್ಲ್ಯಾಟ್ ಕೊಳ್ಳುವವರಿಗೆ ಇನ್ನೊಂದು ಮಾತು: 2016ರ ರಿಯಲ್ ಎಸ್ಟೇಟ್ ಕಾಯ್ದೆ ರೇರಾ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ ನಮ್ಮಿಂದ ಹಣ ಪಡೆಯದೆ ಸರಿಮಾಡಿಕೊಡಬೇಕು. ಐದನೇ ವರ್ಷ ಮುಗಿಯುವ ಮುಂಚೆ ಒಂದು ತಪಾಸಣೆ ಮಾಡಿಸಿಕೊಳ್ಳಿ. ಹಳೇ ಮನೆಗೆ ಆ ಆಸರೆ ಇಲ್ಲ. ಅಡ್ವಾನ್ಸ್ ಕೊಟ್ಟ ಮೇಲೆ ದೋಷ ಕಂಡರೆ ನಮ್ಮ ಮಾತಿಗೆ ಬೆಲೆ ಕಡಿಮೆ.

ನಮ್ಮ ಕಥೆಯಲ್ಲಿ ಮನೆ ಮಾರುವವರು ವಯಸ್ಸಾದ ದಂಪತಿ. ಅವರು ಏನನ್ನೂ ಬಚ್ಚಿಟ್ಟಿರಲಿಲ್ಲ. "ಎರಡು ವರ್ಷಕ್ಕೊಂದು ಸಲ ಪೇಂಟ್ ಮಾಡಿಸ್ತಾನೇ ಇದೀನಿ ಕಣಮ್ಮ, ಅದೊಂದು ಗೋಡೆ ಮಾತ್ರ ಮಾತು ಕೇಳಲ್ಲ" ಅಂತ ಯಜಮಾನರು ಅಕ್ಕನ ಹತ್ತಿರ ಹೇಳಿಕೊಂಡರು. ಗೋಲಿ ಮೂಲೆಗೆ ಉರುಳಿದ್ದನ್ನು ಅವರೂ ಬಗ್ಗಿ ನೋಡಿದರು. ಸಜ್ಜೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಲು ಒಪ್ಪಿದರು. ಬಾತ್‌ರೂಮಿನ ನೆಲ ಕಿತ್ತು, ವಾಟರ್‌ಪ್ರೂಫಿಂಗ್ ಮಾಡಿಸಿ, ಇಳಿಜಾರು ಸರಿಮಾಡಿಸಿದರು. ಒಂದು ದಿನ ಪೂರ್ತಿ ನೀರು ನಿಲ್ಲಿಸಿ ಸೋರುವುದಿಲ್ಲ ಅಂತ ನೋಡಿದ ಮೇಲೆಯೇ ಹೊಸ ಟೈಲ್ಸ್ ಹಾಕಿಸಿದ್ದು.

ಎರಡು ತಿಂಗಳು ಬಿಟ್ಟು ನಾವು ಮತ್ತೆ ಹೋದೆವು. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಕಾಫಿ ಕೊಡುವ ಮೊದಲೇ ಯಜಮಾನರು ಅಕ್ಕನನ್ನು ಆ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ತಮ್ಮ ಕೈ ಹಿಂಭಾಗವನ್ನು ಮೊದಲು ಪಕ್ಕದ ಗೋಡೆಗೆ, ಆಮೇಲೆ ಇದಕ್ಕೆ ಮುಟ್ಟಿಸಿದರು. "ನೋಡಮ್ಮ, ಈಗ ಎರಡೂ ಒಂದೇ ಥರ ಇದೆ" ಅಂದರು.