ಹಿಂಬಾಲಕರ ಜೊತೆ ಹೊರಟ ಎಲೆಕ್ಟ್ರಾನ್

ಬೆಂಗಳೂರಿನ ಲ್ಯಾಬೊಂದರಲ್ಲಿ ನಾನು ಮೊದಲು ಕಲಿತ ವಿದ್ಯೆ ಅಂಟು ಹಚ್ಚುವುದು. ಎಳ್ಳಿನಷ್ಟು ಹರಳು. ಅದರ ಮೇಲೆ ಕೂದಲಿಗಿಂತ ತೆಳುವಾದ ನಾಲ್ಕು ಚಿನ್ನದ ತಂತಿಗಳನ್ನು ಸಿಲ್ವರ್ ಪೇಸ್ಟ್ ಹಚ್ಚಿ ಕೂರಿಸಬೇಕು. ಒಂದು ಕಾಫಿ ಜಾಸ್ತಿಯಾಗಿದ್ದರೆ ಕೈ ನಡುಗುತ್ತದೆ, ಮತ್ತೆ ಮೊದಲಿಂದ ಶುರು. ಎರಡು ತಂತಿ ಸಾಲದಾ? ಸಾಲದು. ಅಂಟಿಗೂ ತನ್ನದೇ ರೋಧ, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಇರುತ್ತದೆ. ಹೊರಗಿನ ಎರಡರಲ್ಲಿ ಕರೆಂಟ್ ಹರಿಸಿ ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆದರೆ ಅಂಟಿನ ಕಾಟ ತಪ್ಪುತ್ತದೆ.

ಶುದ್ಧ ಸಿಲಿಕಾನ್ ತಣ್ಣಗಾದಷ್ಟೂ ಅದರ ರೋಧ ಏರುತ್ತದೆ. ಕಾಂತೀಯ ಅರೆವಾಹಕಗಳು, ಅಂದರೆ ಅಯಸ್ಕಾಂತದ ಗುಣವೂ ಇರುವ ಸೆಮಿಕಂಡಕ್ಟರ್‌ಗಳು, ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ. ಯುರೋಪಿಯಂ ಎಂಬ ಲೋಹದ ಆಕ್ಸೈಡ್ ತಣ್ಣಗಾದರೆ ಅಯಸ್ಕಾಂತವಾಗುತ್ತದೆ ಎಂದು 1961ರಲ್ಲಿ ಗೊತ್ತಾಯಿತು. ಅದರ ಗಡಿ 69 ಕೆಲ್ವಿನ್, ಅಂದರೆ ಮೈನಸ್ 204 ಡಿಗ್ರಿ. ಆಕ್ಸಿಜನ್ ಸ್ವಲ್ಪ ಕಡಿಮೆ ಬಿದ್ದ ಕೆಲವು ಹರಳುಗಳಲ್ಲಿ ಈ ಗಡಿ ದಾಟಿ 50 ಕೆಲ್ವಿನ್‌ನತ್ತ ಇಳಿಯುವಷ್ಟರಲ್ಲಿ ರೋಧ ಹತ್ತು ಲಕ್ಷ ಕೋಟಿ ಪಟ್ಟಿನಷ್ಟು ಕುಸಿಯುತ್ತದೆ!

ಗಾಂಧಿ ಬಜಾರ್‌ನಲ್ಲಿ ಪುಢಾರಿಯೊಬ್ಬ ನಡೆದು ಬರುವುದನ್ನು ನೋಡಿದ್ದೀರಲ್ವಾ? ಒಬ್ಬನೇ ಆಗಿದ್ದರೆ ಐದು ನಿಮಿಷದ ದಾರಿ. ಹಿಂಬಾಲಕರು ಸುತ್ತಿಕೊಂಡರೆ ಹೆಜ್ಜೆಯೇ ಏಳದು. ಪ್ರತಿ ಯುರೋಪಿಯಂ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಗಡಿಗಿಂತ ಮೇಲೆ ಅವು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತವೆ. ಎಲೆಕ್ಟ್ರಾನ್ ಕೂಡ ಪುಟ್ಟ ಅಯಸ್ಕಾಂತವೇ. ಅಕ್ಕಪಕ್ಕದವರನ್ನೆಲ್ಲ ತನ್ನ ಕಡೆ ತಿರುಗಿಸಿಕೊಂಡು ಆ ಗುಂಪಿನಲ್ಲೇ ಸಿಕ್ಕಿಬೀಳುತ್ತದೆ. ಇದಕ್ಕೆ ಕಾಂತೀಯ ಪೋಲರಾನ್ ಎಂದು ಹೆಸರು. ಇನ್ನೂ ತಣ್ಣಗಾದರೆ ಇಡೀ ಬೀದಿಯೇ ಒಂದು ಪಾರ್ಟಿ. ಬೇರೆ ಗುಂಪು ಕಟ್ಟುವ ಅಗತ್ಯವೇ ಇಲ್ಲ, ಎಲೆಕ್ಟ್ರಾನ್ ಸಲೀಸಾಗಿ ಓಡುತ್ತದೆ. ಗಡಿಯ ಹತ್ತಿರ ಹೊರಗಿಂದ ಬಲವಾದ ಅಯಸ್ಕಾಂತ ಹಿಡಿದರೂ ರೋಧ ಇಳಿಯುತ್ತದೆ. ಮ್ಯಾಂಗನೀಸ್ ಆಕ್ಸೈಡ್‌ಗಳಲ್ಲೂ ಇಂಥದ್ದೇ ಕುಸಿತವಿದೆ, ಕಾರಣ ಮಾತ್ರ ಪೂರ್ತಿ ಇದೇ ಅಲ್ಲ. 1990ರ ದಶಕದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ನಮ್ಮೂರಲ್ಲೇ ಅವುಗಳ ಬೆನ್ನು ಹತ್ತಿತ್ತು.

ಶಾಖದ ಕಥೆ ಬೇರೆ. ಲೋಹದಲ್ಲಿ ಅದನ್ನು ಹೊರುವುದು ಹೆಚ್ಚಾಗಿ ಎಲೆಕ್ಟ್ರಾನ್. ಈ ಹರಳುಗಳಲ್ಲಿ ಓಡಾಡುವ ಎಲೆಕ್ಟ್ರಾನ್ ಕಡಿಮೆ, ಹಾಗಾಗಿ ಪರಮಾಣುಗಳ ನಡುಕವೇ ಶಾಖವನ್ನು ಸಾಗಿಸುತ್ತದೆ. ಗಡಿಯ ಹತ್ತಿರ ಪುಟ್ಟ ಅಯಸ್ಕಾಂತಗಳ ಹೊಯ್ದಾಟ ಆ ನಡುಕಕ್ಕೆ ಅಡ್ಡಗಾಲು ಹಾಕುತ್ತದೆ. ಗ್ರಾಫ್‌ನಲ್ಲಿ ಅಲ್ಲೊಂದು ತಗ್ಗು ಕಾಣುವುದುಂಟು. ಅಳೆಯುವುದು ಮಾತ್ರ ತಲೆನೋವು. ಕರೆಂಟನ್ನು ಪ್ಲಾಸ್ಟಿಕ್ ಹೊದಿಸಿ ತಡೆಯಬಹುದು, ಶಾಖಕ್ಕೆ ಅಂಥ ಬೇಲಿ ಇಲ್ಲ. ಗಾಳಿಯನ್ನೆಲ್ಲ ಪಂಪ್‌ನಿಂದ ಎಳೆದು ಹಾಕಿದರೂ, ನಾವೇ ಅಂಟಿಸಿದ ಚಿನ್ನದ ತಂತಿಯಲ್ಲಿ ಅದು ನುಸುಳಿ ಹೋಗುತ್ತದೆ.

ಅಗ್ಗಕ್ಕೆ ಸಿಗುವ ದ್ರವ ನೈಟ್ರೋಜನ್ 77 ಕೆಲ್ವಿನ್‌ನಲ್ಲಿ ನಿಂತುಬಿಡುತ್ತದೆ, ನಮ್ಮ ಗಡಿ ಮುಟ್ಟಲು ಎಂಟೇ ಡಿಗ್ರಿ ಕಡಿಮೆ ಬೀಳುತ್ತದೆ. ಪಂಪ್ ಹಚ್ಚಿ ಆವಿ ಎಳೆದರೆ 63ರವರೆಗೆ ಹೋಗಬಹುದು, ಅಲ್ಲಿ ಅದೇ ಗಡ್ಡೆ ಕಟ್ಟುತ್ತದೆ. ಅದರಾಚೆಯ ತಮಾಷೆ ನೋಡಬೇಕಾದರೆ ದುಬಾರಿ ಹೀಲಿಯಂ ಬೇಕು. ನಾಲ್ಕು ತಂತಿ ಅಂಟಿಸಿಟ್ಟ ಹರಳು ಡಬ್ಬಿಯಲ್ಲಿದೆ, ಹೀಲಿಯಂಗೆ ನಮ್ಮ ಸರದಿ ಇನ್ನೂ ಬಂದಿಲ್ಲ.