ಸಂದಿಯೊಳಗೆ ನಾಯಕ ಮತ್ತೆ ಮನುಷ್ಯನಾಗಲು ಆಟವೇಕೆ ಒಪ್ಪುವುದಿಲ್ಲ?

ಪ್ರಶ್ನೆ: ಹಳೆಯ ಶೈಲಿಯ ಪ್ಲಾಟ್‌ಫಾರ್ಮ್ ಬಗೆಯ, ಅಂದರೆ ಓಡುತ್ತ ಜಿಗಿಯುತ್ತ ಸಾಗುವ ವಿಡಿಯೋ ಆಟಗಳಲ್ಲಿ ನಾಯಕನು ಉಂಡೆಯಾಗಿಯೋ ಪ್ರಾಣಿಯಾಗಿಯೋ ಕಿರಿದಾದ ಸಂದಿಯೊಳಗೆ ನುಗ್ಗುತ್ತಾನೆ. ಅಲ್ಲಿಯೇ ಮೊದಲಿನ ರೂಪಕ್ಕೆ ಮರಳಲು ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಇದು ಆಟದ ದೋಷವೇ? (ಸಾಗರದ ಓದುಗರೊಬ್ಬರು)

ಉತ್ತರ: ದೋಷವಲ್ಲ. ನೀವು ಗುಂಡಿ ಒತ್ತಿದ ಕ್ಷಣದಲ್ಲಿ ಆಟವು ನಾಯಕನ ತಲೆಯ ಮೇಲಿನ ಜಾಗವನ್ನು ಅಳೆದು ನೋಡಿ, ಸಾಲದೆಂದು ತಿಳಿದು, ರೂಪಾಂತರವನ್ನು ತಡೆದಿರುತ್ತದೆ.

ತೆರೆಯ ಮೇಲೆ ಕಾಣುವ ಚಿತ್ರವು ಯಕ್ಷಗಾನದ ವೇಷವಿದ್ದಂತೆ. ಆಟದ ಲೆಕ್ಕದಲ್ಲಿ ನಾಯಕನ ನಿಜವಾದ ಮೈ ಎಂದರೆ ಕಣ್ಣಿಗೆ ಕಾಣದ ಒಂದು ಆಯತ. ಅದಕ್ಕೆ ಹಿಟ್‌ಬಾಕ್ಸ್ ಎನ್ನುತ್ತಾರೆ. ನೆಲದ ಮೇಲೆ ನಿಲ್ಲುವುದೂ ಗೋಡೆಗೆ ತಾಗುವುದೂ ಆ ಆಯತವೇ. 1989ರ ‘ವಂಡರ್ ಬಾಯ್ 3: ದಿ ಡ್ರ್ಯಾಗನ್ಸ್ ಟ್ರ್ಯಾಪ್’ ಆಟದಲ್ಲಿ ಶಾಪಗ್ರಸ್ತ ನಾಯಕನು ಹಲ್ಲಿ, ಇಲಿ, ಮೀನು, ಸಿಂಹ, ಗಿಡುಗಗಳ ರೂಪ ತಾಳುತ್ತಾನೆ. ಅದರ 2017ರ ಮರುರೂಪದಲ್ಲಿ ಒಂದು ಗುಂಡಿ ಒತ್ತಿದರೆ ಕೈಯಿಂದ ಬಿಡಿಸಿದ ಹೊಸ ಚಿತ್ರಗಳು ಹೋಗಿ ಪಿಕ್ಸೆಲ್ ಎಂಬ ಚುಕ್ಕೆಗಳಿಂದಾದ ಹಳೆಯ ಚಿತ್ರಗಳು ಬರುತ್ತವೆ, ಆಟ ಮಾತ್ರ ಇದ್ದಲ್ಲಿಂದಲೇ ಮುಂದುವರಿಯುತ್ತದೆ. ಚಿತ್ರ ಬೇರೆ, ಮೈ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ನೋಡಿಲ್ಲ.

ರೂಪ ಬದಲಾದಾಗ ಈ ಆಯತದ ಅಳತೆಯೂ ಬದಲಾಗುತ್ತದೆ. ತೊಡಕು ಇರುವುದು ಇಲ್ಲಿಯೇ. ಕಳೆದ ಮಳೆಗಾಲ ತೀರ್ಥಹಳ್ಳಿಯಲ್ಲಿ ಶಾಲೆಗೆ ಮಳೆ ರಜೆ ಕೊಟ್ಟಿದ್ದಾಗ ನಾನೂ ಅಕ್ಕನ ಮಗನೂ ಸೇರಿ ಒಂದು ಸಣ್ಣ ಆಟ ಕಟ್ಟಿದೆವು. ಅದರಲ್ಲಿ ಅಡಿಕೆ ತೋಟದ ಹುಡುಗನೊಬ್ಬ ಚಿಪ್ಪುಹಂದಿಯಾಗಿ ಮೈ ಸುತ್ತಿಕೊಂಡು ರಸ್ತೆಯಡಿಯ ಮೋರಿಯೊಳಗೆ ಉರುಳುತ್ತಾನೆ. ಹುಡುಗನ ಎತ್ತರ 32 ಚುಕ್ಕೆ, ಚಿಪ್ಪುಹಂದಿಯದು 16. ಮೊದಲು ನಾವು ಆಯತವನ್ನು ಅದರ ನಡುಮಧ್ಯದಿಂದ ಹಿಗ್ಗಿಸಿದೆವು. ಅದರ ಪರಿಣಾಮವಾಗಿ ಬಯಲಿನಲ್ಲಿ ರೂಪ ಬದಲಿಸಿದರೂ ಹುಡುಗನ ಕಾಲು 8 ಚುಕ್ಕೆಗಳಷ್ಟು ನೆಲದೊಳಗೆ ಹೂತುಹೋಗಿ, ಅವನು ಗೋಡೆಯೊಳಗಿದ್ದಾನೆಂದೇ ತಿಳಿದ ಆಟವು ಅವನನ್ನು ಎಡಕ್ಕೂ ಬಲಕ್ಕೂ ಅಲುಗಾಡಲು ಬಿಡಲಿಲ್ಲ. ಪಾದವನ್ನು ಇದ್ದಲ್ಲಿಯೇ ಇರಿಸಿ, ಬೆಳವಣಿಗೆಯೆಲ್ಲ ಮೇಲ್ಮುಖವಾಗಿಯೇ ಆಗುವಂತೆ ತಿದ್ದಿದಾಗ ಅದು ಸರಿಹೋಯಿತು. ಆದರೆ ಮೋರಿಯ ಬಾಯಲ್ಲಿ ತಲೆಯ ಅಂಚು ಕಲ್ಲಿಗೆ ಸಿಕ್ಕಿಕೊಳ್ಳುವುದು ನಿಲ್ಲಲಿಲ್ಲ, ಏಕೆಂದರೆ ನೆಲ, ಗೋಡೆಗಳೆಲ್ಲ ಚೌಕಗಳನ್ನು ಜೋಡಿಸಿ ಮಾಡಿದವಾಗಿದ್ದು, ನಾವು ತಲೆಯ ನಡುಭಾಗದ ಮೇಲಿನ ಒಂದೇ ಚೌಕವನ್ನು ಪರೀಕ್ಷಿಸುತ್ತಿದ್ದೆವು. ಎರಡು ಚೌಕಗಳ ಗಡಿಯಲ್ಲಿ ನಿಂತವನಿಗೆ ಮೇಲಿನ ಎರಡೂ ಚೌಕಗಳು ಖಾಲಿ ಇರಬೇಕು. ಇಷ್ಟನ್ನು ಅರಿಯಲು ನಮಗೆ ಎರಡು ದಿನ ಹಿಡಿಯಿತು.

ಹಳೆಯ ಆಟಗಳು ಇದೇ ತೊಡಕನ್ನು ಬೇರೆ ಬೇರೆ ಬಗೆಯಲ್ಲಿ ಎದುರಿಸಿವೆ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ದೊಡ್ಡ ಮಾರಿಯೋ ಕುಕ್ಕರಿಸಿ ಜಾರಿಕೊಂಡು ಒಂದೇ ಇಟ್ಟಿಗೆಯೆತ್ತರದ ಸಂದಿಯನ್ನು ಹೊಕ್ಕು ಅಲ್ಲಿ ಎದ್ದು ನಿಂತರೆ, ಆಟವು ಅವನನ್ನು ಇಟ್ಟಿಗೆಗಳ ಮೂಲಕವೇ ಪಕ್ಕಕ್ಕೆ ತಳ್ಳಿ ಹೊರಗೆ ಹಾಕುತ್ತದೆ. 1986ರ ‘ಮೆಟ್ರಾಯ್ಡ್’ನಲ್ಲಿ ನಾಯಕಿ ಸಾಮಸ್ ಉಂಡೆಯಾಗಿ ಕಿರಿದಾದ ಹಾದಿಯಲ್ಲಿರುವಾಗ ಎದ್ದು ನಿಲ್ಲಲು ಆಟ ಬಿಡುವುದೇ ಇಲ್ಲ. ನೀವು ಕಂಡದ್ದು ಈ ಎರಡನೆಯ ಬಗೆ, ನನ್ನ ಮಟ್ಟಿಗೆ ಉತ್ತಮವಾದದ್ದೂ ಇದೇ. ಹಾದಿ ಕಿರಿದಾಗಿದೆ ಎಂಬುದು ಆಟ ಮುಗಿಯುವವರೆಗೂ ನಿಜವಾಗಿ ಉಳಿದರೆ ಮಾತ್ರ ಉಂಡೆಯಾಗುವ ಶಕ್ತಿಗೆ ಬೆಲೆ ಬರುತ್ತದೆ.

ಹಾಗೆಂದು ಮೌನವಾಗಿ ನಿರಾಕರಿಸುವುದು ಸರಿಯಲ್ಲ. ಆಡುವವರು ಗುಂಡಿಯೇ ಕೆಟ್ಟಿತೆಂದು ತಿಳಿಯುತ್ತಾರೆ. ನಮ್ಮ ಆಟದಲ್ಲಿ ಚಿಪ್ಪುಹಂದಿ ಒಮ್ಮೆ ತಲೆಯೆತ್ತಿ, ಮೋರಿಯ ಕಲ್ಲಿಗೆ ಟಕ್ಕೆಂದು ತಾಗಿಸಿಕೊಂಡು ಮತ್ತೆ ಸುತ್ತಿಕೊಳ್ಳುತ್ತದೆ. ನಿಮ್ಮ ಆಟದಲ್ಲಿ ಅಂಥ ಸೂಚನೆ ಇಲ್ಲವಾದರೆ, ನಾಯಕನನ್ನು ಸಂದಿಯಿಂದ ಪೂರ್ತಿ ಹೊರತಂದು, ತಲೆಯ ಮೇಲೆ ಬಯಲಿರುವಲ್ಲಿ ನಿಲ್ಲಿಸಿ ಮತ್ತೆ ಗುಂಡಿ ಒತ್ತಿ ನೋಡಿ. ಅಲ್ಲಿಯೂ ರೂಪ ಬದಲಾಗದಿದ್ದರೆ ಆಗ ಅದನ್ನು ದೋಷವೆನ್ನಬಹುದು.