ಆಳಸಮುದ್ರದ ಪರ್ಮಿಟ್: ಹಿಡಿದ ಮೀನು ಎಲ್ಲಿ ಇಳಿಯಿತು?

ಮಲ್ಪೆಯಿಂದ ಹೊರಟ ಆಳಸಮುದ್ರದ ಬೋಟು ಎರಡು ತಾಸು ಓಡಿದರೆ ಕಣ್ಣಿಗೆ ಕಾಣದ ಒಂದು ಗೆರೆ ದಾಟುತ್ತದೆ. ಅದು ದಡದಿಂದ 12 ನಾಟಿಕಲ್ ಮೈಲಿನ ಗೆರೆ, ಸುಮಾರು 22 ಕಿಲೋಮೀಟರ್. ಅಲ್ಲಿವರೆಗೆ ಮೀನುಗಾರಿಕೆ ರಾಜ್ಯದ ವಿಷಯ. ನಮ್ಮಲ್ಲಿ ಅದಕ್ಕೆ 1986ರ ಕಾಯ್ದೆ ಇದೆ. ಗೆರೆಯ ಆಚೆ 200 ಮೈಲಿನವರೆಗೆ ಕೇಂದ್ರದ ವಿಷಯ. ಆ ನೀರಲ್ಲಿ ಮೀನು ಹಿಡಿಯಲು ಯಾರ ಅನುಮತಿ ಬೇಕು ಅನ್ನುವ ಜಗಳಕ್ಕೆ ಹತ್ತಿರಹತ್ತಿರ ಐವತ್ತು ವರ್ಷದ ಇತಿಹಾಸ ಇದೆ. ಅದರ ನಡುವೆ ಮತ್ತೆ ಮತ್ತೆ ಬರುವುದು ಲಾಂಗ್‌ಲೈನ್ ಹಡಗು.

ಲಾಂಗ್‌ಲೈನ್ ಅಂದರೆ ಬಲೆ ಅಲ್ಲ, ಗಾಳ. ಹತ್ತಾರು ಕಿಲೋಮೀಟರ್ ಉದ್ದದ ಒಂದೇ ಹಗ್ಗ. ಅದು ಮುಳುಗದ ಹಾಗೆ ಅಲ್ಲಲ್ಲಿ ತೇಲುಬುರುಡೆ. ಅದರಿಂದ ಇಳಿಬಿಟ್ಟ ನೂರಾರು, ದೊಡ್ಡ ಹಡಗಾದರೆ ಸಾವಿರಾರು ಗಾಳ. ಒಂದೊಂದಕ್ಕೂ ಬೊಂಡಾಸೋ ಬಂಗುಡೆಯೋ ಸಿಕ್ಕಿಸಿ ಬಿಡುತ್ತಾರೆ. ಗುರಿ ಟ್ಯೂನಾ, ಅದರಲ್ಲೂ ಜಪಾನಿನವರು ಹಸಿಯಾಗಿ ತಿನ್ನುವ ಹಳದಿ ರೆಕ್ಕೆಯ ಮತ್ತು ದೊಡ್ಡ ಕಣ್ಣಿನ ಜಾತಿ. ಜೊತೆಗೆ ಶಾರ್ಕ್, ಕಡಲಾಮೆಗಳೂ ಸಿಕ್ಕಿಬೀಳುತ್ತವೆ. ದೊಡ್ಡ ಲಾಂಗ್‌ಲೈನರ್‌ನಲ್ಲಿ ಮೈನಸ್ 60 ಡಿಗ್ರಿಯ ಫ್ರೀಜರ್ ಇರುತ್ತದೆ. ಹಾಗಾಗಿ ಅದು ತಿಂಗಳುಗಟ್ಟಲೆ ದಡಕ್ಕೆ ಬರಬೇಕಿಲ್ಲ. ಈ ಮಾತು ನೆನಪಿರಲಿ. ಮುಂದಿನ ಗಲಾಟೆಯೆಲ್ಲ ಇದರ ಸುತ್ತಲೇ ನಡೆದದ್ದು.

1976ರಲ್ಲಿ ಸಂಸತ್ತು ಕಡಲ ವಲಯಗಳ ಕಾಯ್ದೆ ತಂದಿತು. ಅದರಿಂದ 200 ಮೈಲಿನವರೆಗಿನ ಸುಮಾರು 20 ಲಕ್ಷ ಚದರ ಕಿಲೋಮೀಟರ್ ನೀರು ನಮ್ಮ ಹಕ್ಕಿಗೆ ಬಂತು. ಆದರೆ ಅಷ್ಟು ದೂರ ಹೋಗುವ ಹಡಗು ನಮ್ಮಲ್ಲಿ ಇದ್ದದ್ದೇ ಕಡಿಮೆ. ಅದಕ್ಕೆ ಸರ್ಕಾರ ವಿದೇಶಿ ಹಡಗುಗಳನ್ನು ಬಾಡಿಗೆಗೆ ತರಲು ಬಿಟ್ಟಿತು. 1981ರಲ್ಲಿ ಇನ್ನೊಂದು ಕಾಯ್ದೆ ಬಂತು. ವಿದೇಶಿ ಹಡಗಿಗೆ ಲೈಸೆನ್ಸ್ ಬೇಕು, ಅದನ್ನು ಬಾಡಿಗೆಗೆ ತಂದು ನಡೆಸುವ ಭಾರತೀಯನಿಗೆ ಪರ್ಮಿಟ್ ಬೇಕು ಎಂದಿತು.

ಇಲ್ಲೊಂದು ದೊಡ್ಡ ಕಿಂಡಿ ಉಳಿಯಿತು. ಆ ಕಾಯ್ದೆ ಇದ್ದದ್ದು ವಿದೇಶಿ ಹಡಗಿಗೆ ಮಾತ್ರ. ರಾಜ್ಯದ ಲೈಸೆನ್ಸ್ 12 ಮೈಲಿಗೆ ಮುಗಿಯುತ್ತದೆ. ಹಾಗಾದರೆ 12ರಿಂದ 200ರ ನಡುವೆ ನಮ್ಮದೇ ಬೋಟಿನ ಮೀನುಗಾರಿಕೆಗೆ ಯಾವ ಕಾನೂನು? ನೇರವಾಗಿ ಯಾವುದೂ ಇರಲಿಲ್ಲ.

1991ರ ಹೊಸ ನೀತಿ ವಿದೇಶಿ ಕಂಪನಿಗಳ ಜೊತೆ ಜಂಟಿ ಉದ್ಯಮಕ್ಕೆ ಬಾಗಿಲು ತೆರೆಯಿತು. ಕರಾವಳಿ ಸಿಡಿದೆದ್ದಿತು. 1994ರಲ್ಲಿ ದೇಶದ ಉದ್ದಕ್ಕೂ ಮೀನುಗಾರಿಕೆ ಬಂದ್ ನಡೆಯಿತು. ಮುಂದಿನ ವರ್ಷ ಮೀನುಗಾರರ ನಾಯಕ ಥಾಮಸ್ ಕೋಚೇರಿ ಪೋರಬಂದರಿನಲ್ಲಿ ಉಪವಾಸ ಕೂತರು. ಸರ್ಕಾರ ಪಿ. ಮುರಾರಿ ಅವರ ಸಮಿತಿ ಮಾಡಿತು. 1996ರಲ್ಲಿ ಬಂದ ವರದಿ ಈ ಪರ್ಮಿಟ್‌ಗಳನ್ನೆಲ್ಲ ರದ್ದು ಮಾಡಿ ಎಂದಿತು. ಯಾಂತ್ರಿಕ ಬೋಟಿನವರು, ನಾಡದೋಣಿಯವರು, ಸಂಸ್ಕರಣೆಯವರು ಒಟ್ಟಿಗೆ ನಿಂತು ಗೆದ್ದದ್ದು ಅದು. ದಡದಲ್ಲಿ ಇವರು ಸದಾ ಕಿತ್ತಾಡುವವರೇ, ಅಲ್ವಾ? ಅದಕ್ಕೇ ಆ ಒಗ್ಗಟ್ಟು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ.

ಗೆಲುವು ಜಾಸ್ತಿ ದಿನ ಉಳಿಯಲಿಲ್ಲ. 2002ರಲ್ಲಿ ಲೆಟರ್ ಆಫ್ ಪರ್ಮಿಷನ್ ಬಂತು. ಭಾರತೀಯ ಕಂಪನಿ ಹಡಗು ತಂದು ಇಲ್ಲಿ ನೋಂದಾಯಿಸಿದರೆ ಕೇಂದ್ರದಿಂದ ಅನುಮತಿ ಪತ್ರ. ಹೀಗೆ ಬಂದವುಗಳಲ್ಲಿ ಟ್ಯೂನಾ ಹಿಡಿಯುವ ಲಾಂಗ್‌ಲೈನರ್‌ಗಳೇ ಮುಖ್ಯ. ಕಾಗದದಲ್ಲಿ ಮಾಲೀಕರು ನಮ್ಮವರು; ಹಡಗು, ಅದನ್ನು ನಡೆಸುವವರು, ಲಾಭ ಎಲ್ಲ ಹೊರಗಿನವರದ್ದು ಎಂಬುದು ಮೀನುಗಾರ ಸಂಘಟನೆಗಳ ಆರೋಪ. ನಡುಕಡಲಲ್ಲೇ ಮೀನು ಬೇರೆ ಹಡಗಿಗೆ ದಾಟುತ್ತದೆ, ನಮ್ಮ ಬಂದರಿನ ಲೆಕ್ಕಕ್ಕೆ ಬರುವುದೇ ಇಲ್ಲ ಎಂದೂ ಹೇಳಿದರು. ದಡಕ್ಕೆ ಬಾರದ ಮೀನನ್ನು ತೂಗುವವರು ಯಾರು? ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುಳು ಇದೇ ಪ್ರಶ್ನೆ.

ಆಮೇಲೆ ಆಳಸಮುದ್ರ ಮೀನುಗಾರಿಕೆಯ ನೀತಿ ಪರಿಶೀಲಿಸಲು ಕೇಂದ್ರ ನೇಮಿಸಿದ ಮೀನಾಕುಮಾರಿ ಸಮಿತಿ ಬಂತು. ಅದರ ವರದಿ, ಹೊಸ ಮಾರ್ಗಸೂಚಿ ಎರಡೂ 2014ರವು. 15 ಮೀಟರ್ ಮೇಲ್ಪಟ್ಟ ಬೋಟುಗಳನ್ನೂ ಈ ಅನುಮತಿಯ ಅಡಿಗೆ ತರಲು ಹೊರಟಾಗ ನಮ್ಮವರಿಗೇ ಪೆಟ್ಟು ಬೀಳುವಂತಾಯಿತು. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನವರನ್ನೇ ನೋಡಿ. ತಲೆಮಾರುಗಳಿಂದ ಗಾಳ ಹಾಕಿ ಶಾರ್ಕ್, ಟ್ಯೂನಾ ಹಿಡಿಯುವವರು, ಸಾವಿರಾರು ಕಿಲೋಮೀಟರ್ ಹೋಗಿ ಬರುವವರು. ಅವರನ್ನೂ ಕಂಪನಿಯ ಹಡಗನ್ನೂ ಒಂದೇ ತಕ್ಕಡಿಗೆ ಹಾಕಿದ್ದು ತಪ್ಪು. 2015ರಲ್ಲಿ ಮತ್ತೆ ಪ್ರತಿಭಟನೆ ನಡೆಯಿತು. 2017ರಲ್ಲಿ ಸರ್ಕಾರ ಆ ಅನುಮತಿ ಪದ್ಧತಿಯನ್ನೇ ಕೈಬಿಟ್ಟಿತು. ಅದೇ ವರ್ಷ ಪಾಕ್ ಜಲಸಂಧಿಯ ಟ್ರಾಲ್ ಬೋಟಿನವರಿಗೆ (ಬಲೆ ಎಳೆದುಕೊಂಡು ಹೋಗಿ ಮೀನು ಹಿಡಿಯುವವರು) ಲಾಂಗ್‌ಲೈನ್ ಬೋಟು ಕೊಳ್ಳಲು ನೆರವಿನ ಯೋಜನೆಯೂ ಶುರುವಾಯಿತು. ಒಂದೊಂದರ ಬೆಲೆ 80 ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಿದ್ದರು.

ಈಗ 2025ರ ನವೆಂಬರಿನಲ್ಲಿ ಕೇಂದ್ರ ಹೊಸ ನಿಯಮ ಹೊರಡಿಸಿದೆ, 1976ರ ಕಾಯ್ದೆಯ ಅಡಿಯಲ್ಲೇ. ಯಾಂತ್ರಿಕ ಬೋಟು ಮತ್ತು ದೊಡ್ಡ ಮೋಟಾರು ಬೋಟು 12 ಮೈಲು ದಾಟಬೇಕಾದರೆ ಆಕ್ಸೆಸ್ ಪಾಸ್ ಬೇಕು. ಆನ್‌ಲೈನ್‌ನಲ್ಲಿ ಅರ್ಜಿ, ಶುಲ್ಕ ಇಲ್ಲ. ಸಾಂಪ್ರದಾಯಿಕ ದೋಣಿಗಳಿಗೆ ಪಾಸ್ ಬೇಡ. ಸಹಕಾರ ಸಂಘಗಳಿಗೆ ಮೊದಲ ಆದ್ಯತೆ. ವಿದೇಶಿ ಹಡಗಿಗೆ ಜಾಗ ಇಲ್ಲ. ಬುಲ್ ಟ್ರಾಲಿಂಗ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು), ಎಲ್‌ಇಡಿ ಬೆಳಕಿನ ಮೀನುಗಾರಿಕೆ ನಿಷೇಧ. ನಮ್ಮ ಕರಾವಳಿಯಲ್ಲಿ ಬೆಳಕಿನ ಮೀನುಗಾರಿಕೆ ಎಷ್ಟು ಕಹಿ ತಂದಿದೆ ಅಂತ ಮಲ್ಪೆ, ಗಂಗೊಳ್ಳಿಯವರಿಗೆ ಹೇಳಬೇಕಿಲ್ಲ. ಹಳೆಯ ಕಿಂಡಿ ಮುಚ್ಚುವ ಕೆಲಸ ಕೊನೆಗೂ ಶುರುವಾಗಿದೆ. ಇದನ್ನು ಮನಸಾರೆ ಒಪ್ಪುತ್ತೇನೆ.

ಆದರೆ ಅದೇ ನಿಯಮದಲ್ಲಿ ತಾಯಿಹಡಗಿನ ವ್ಯವಸ್ಥೆಯೂ ಇದೆ. ಸಣ್ಣ ಬೋಟುಗಳು ಹಿಡಿದ ಮೀನನ್ನು ನಡುಕಡಲಲ್ಲೇ ದೊಡ್ಡ ಹಡಗಿಗೆ ದಾಟಿಸಬಹುದು, ಮೇಲ್ವಿಚಾರಣೆಯ ಅಡಿಯಲ್ಲಿ. ಅಂಡಮಾನ್, ಲಕ್ಷದ್ವೀಪದಂತಹ ಕಡೆ ಇದರ ಅಗತ್ಯ ಅರ್ಥವಾಗುತ್ತದೆ. ಬಂದರು ದೂರ, ಟ್ಯೂನಾ ಬೇಗ ಕೆಡುವ ಮೀನು. ಹಾಗಂತ ಪಾಸ್ ಕೊಡುವಾಗ ನೋಡಿದಷ್ಟೇ ಕಟ್ಟುನಿಟ್ಟಾಗಿ ಆ ತಾಯಿಹಡಗು ಯಾವ ಬಂದರಿಗೆ ಬಂತು, ಎಷ್ಟು ಮೀನು ಇಳಿಸಿತು ಎಂಬುದನ್ನೂ ನೋಡಬೇಕು. ಆ ಲೆಕ್ಕವನ್ನು ಮೀನುಗಾರ ಸಂಘಗಳು ಕೇಳಿದಾಗ ತೋರಿಸಬೇಕು.